ಕಲ್ಲಿನ ಗೆರೆ, ನೀರಿನ ಗೆರೆ

ಅದಿರಿನಲ್ಲಿ ಚಿನ್ನವೂ ಕಲ್ಲೂ ಬೆರೆತಿರುವಂತೆ ಆತ್ಮವೂ ಕರ್ಮವೂ ಅನಾದಿಯಿಂದ ಕೂಡಿಕೊಂಡಿವೆ. ಹತ್ತನೆಯ ಶತಮಾನದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಹೇಳಿರುವ ಈ ಉಪಮೆಗೆ ಕೋಲಾರದ ಚಿನ್ನದ ಗಣಿಯ ಜನರಿಗೆ ವ್ಯಾಖ್ಯಾನ ಬೇಕಿಲ್ಲ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಕಲ್ಲನ್ನು ಮೇಲೆ ತಂದರು. ಅದನ್ನು ಒಡೆದು, ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದ ನೆರವಿನಿಂದ ಚಿನ್ನವನ್ನು ಬೇರ್ಪಡಿಸಿದರು. ಟನ್‌ಗಟ್ಟಲೆ ಕಲ್ಲಿಗೆ ದೊರೆಯುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಉಳಿದ ಪುಡಿಯೆಲ್ಲ ಊರ ಮಗ್ಗುಲಲ್ಲಿ ಗುಡ್ಡಗಳಾಗಿ ನಿಂತಿತು. ಸೈನೈಡ್ ಗುಡ್ಡಗಳೆಂದೇ ಅವುಗಳ ಹೆಸರು. ಗಾಳಿ ಬೀಸಿದಾಗ ಅವುಗಳ ದೂಳು ಇಂದಿಗೂ ಮನೆಯೊಳಗೆ ಬಂದು ಕೂರುತ್ತದೆ.

ಮನಸ್ಸಿನಲ್ಲಿಯೂ ಇಂಥ ಗುಡ್ಡಗಳಿರುತ್ತವೆ. ನಡೆದ ಘಟನೆ ಎಂದೋ ಮುಗಿದಿರುತ್ತದೆ; ಅದರ ದೂಳು ಮಾತ್ರ ಏಳುತ್ತಲೇ ಇರುತ್ತದೆ.

ನಾನು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಗಣಿ ಪ್ರದೇಶದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವನು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೆಲವು ತಿಂಗಳ ಬಳಿಕ ಬಂಗಾರಪೇಟೆ ನಿಲ್ದಾಣದಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕರು. ಭೂಮಿಯೊಳಗೆ ಇಪ್ಪತ್ತು ವರ್ಷ ದುಡಿದವರು ಆಗ ಬೆಂಗಳೂರಿನ ಕಟ್ಟಡವೊಂದರಲ್ಲಿ ಕಾವಲು ಕೆಲಸಕ್ಕೆ ಸೇರಿದ್ದರು. “ನಿಮಗೆ ಕೋಪ ಬರುವುದಿಲ್ಲವೇ?” ಎಂದು ಕೇಳಿದೆ. ಅವರು ಹೇಳಿದರು: “ಬರುತ್ತೆ ಸಾರ್. ಬಾಕಿ ದುಡ್ಡಿಗೆ ಅರ್ಜಿ ಕೊಟ್ಟಿದ್ದೀನಿ, ಅದನ್ನ ಬಿಡೋದಿಲ್ಲ. ಆದ್ರೆ ಕೋಪಾನ ಮನೆಗೆ ತಗೊಂಡು ಹೋದ್ರೆ ಗುಡ್ಡದ ದೂಳಿದ್ದ ಹಾಗೆ. ಉಸಿರಾಡಬೇಕಾದೋರು ನನ್ನ ಮಕ್ಕಳೇ ಅಲ್ವಾ?”

ನ್ಯಾಯವನ್ನು ಕೇಳುವುದು ಬೇರೆ, ಕ್ರೋಧವನ್ನು ಹೊತ್ತು ತಿರುಗುವುದು ಬೇರೆ ಎಂಬ ವಿವೇಕ ಆ ಮಾತಿನಲ್ಲಿತ್ತು. ಅದನ್ನು ನಾನು ತರಗತಿಯಲ್ಲಿ ಅನೇಕ ಬಾರಿ ಮಕ್ಕಳಿಗೆ ಹೇಳಿದೆ. ನನ್ನ ಬದುಕಿನಲ್ಲಿ ಮಾತ್ರ ಪಾಲಿಸಲಿಲ್ಲ.

ತಂದೆಯವರ ಕಾಲಾನಂತರ ನಮ್ಮೂರಿನ ಜಮೀನು ಪಾಲಾಯಿತು. ಬಾವಿಯಿದ್ದ ಭಾಗ ತಮ್ಮನಿಗೆ ಹೋಯಿತು, ನನಗೆ ಒಣಭೂಮಿ ಬಂತು. ಹಿರಿಯರ ಮುಂದೆ ಒಪ್ಪಿ ಸಹಿ ಹಾಕಿದೆ, ಒಳಗೆ ಒಪ್ಪಲಿಲ್ಲ. ಒಂಬತ್ತು ವರ್ಷ ತಮ್ಮನೊಡನೆ ಮಾತಾಡಲಿಲ್ಲ. ಪ್ರತಿ ವರ್ಷ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ಪೂಜೆ ಮಾಡುತ್ತಿದ್ದೆ. ಪರ್ವ ಮುಗಿದ ಬಳಿಕ ಬರುವ ಕ್ಷಮಾವಣಿಯಂದು ಸಕಲ ಜೀವರಾಶಿಯ ಕ್ಷಮೆಯನ್ನೂ ಬೇಡುತ್ತಿದ್ದೆ. ಆ ಜೀವರಾಶಿಯಲ್ಲಿ ನನ್ನ ತಮ್ಮನೊಬ್ಬನಿಗೆ ಸ್ಥಾನವಿರಲಿಲ್ಲ.

ಒಂದು ಚಾತುರ್ಮಾಸದಲ್ಲಿ ಸ್ವಾಧ್ಯಾಯಕ್ಕೆ ಕುಳಿತಾಗ ‘ಗೊಮ್ಮಟಸಾರ’ದ ಕಷಾಯ ವಿಚಾರ ಕಣ್ಣಿಗೆ ಬಿತ್ತು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಗೆ ತೀವ್ರತೆಯ ನಾಲ್ಕು ಹಂತಗಳಿವೆ. ಕ್ರೋಧವಾದರೆ ಅದು ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ದೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಷಾಯದ ಸಂಸ್ಕಾರ ಮನಸ್ಸಿನಲ್ಲಿ ಉಳಿಯುವ ಕಾಲವನ್ನೂ ಆಚಾರ್ಯರು ಹೇಳಿದ್ದಾರೆ. ಅತಿ ಸೂಕ್ಷ್ಮವಾದ ಸಂಜ್ವಲನ ಕಷಾಯಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕಿಂತ ಕಡಿಮೆ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿ ಭವಭವಕ್ಕೆ ಹಿಂಬಾಲಿಸುವುದು ಅನಂತಾನುಬಂಧಿ. ಅದು ಸಮ್ಯಗ್ದರ್ಶನವನ್ನೇ ಕೆಡಿಸುತ್ತದೆ.

ನಾನು ಬೆರಳು ಮಡಿಚಿ ಎಣಿಸಿದೆ. ಒಂಬತ್ತು ವರ್ಷ! ಪೂಜೆ, ಉಪವಾಸ, ಸ್ವಾಧ್ಯಾಯ ಎಲ್ಲವೂ ನಡೆದಿದ್ದವು. ಬುನಾದಿಯ ಕಲ್ಲಿನ ಮೇಲೆಯೇ ಗೆರೆ ಬಿದ್ದಿತ್ತು.

ಆಗ ಕಮಠನ ನೆನಪಾಯಿತು. ಪಾರ್ಶ್ವನಾಥ ತೀರ್ಥಂಕರರ ಪೂರ್ವಭವದ ಕಥೆ ಬಲ್ಲವರಿಗೆ ಅವನು ಪರಿಚಿತ. ಗಡೀಪಾರಾದ ಕಮಠ ತಲೆಯ ಮೇಲೆ ಬಂಡೆಯನ್ನು ಎತ್ತಿ ಹಿಡಿದು ತಪಸ್ಸು ಮಾಡುತ್ತಿದ್ದ. ತಮ್ಮ ಮರುಭೂತಿ ಕ್ಷಮೆ ಕೇಳಲು ಬಂದು ಕಾಲಿಗೆರಗಿದಾಗ ಅದೇ ಬಂಡೆಯನ್ನು ಅವನ ಮೇಲೆ ಹಾಕಿ ಕೊಂದ. ಆ ವೈರ ಭವಭವಗಳಲ್ಲಿ ಬೆನ್ನಟ್ಟಿ, ತಮ್ಮನು ತೀರ್ಥಂಕರನಾದ ಭವದವರೆಗೂ ಬಂತು. ದೇಹ ತಪಸ್ಸಿನಲ್ಲಿತ್ತು, ಕೈಯಲ್ಲಿ ಬಂಡೆಯಿತ್ತು. ಕಮಠನೂ ಅಣ್ಣ, ನಾನೂ ಅಣ್ಣ.

ಆ ದಿನದಿಂದ ಸಾಮಾಯಿಕದ 48 ನಿಮಿಷಗಳನ್ನು ಕೋಪದ ಪರೀಕ್ಷೆಗೆ ಮೀಸಲಿಟ್ಟೆ. ಕೋಪವನ್ನು ಅದುಮಲಿಲ್ಲ, ತಮ್ಮನ ತಪ್ಪನ್ನೂ ಎಣಿಸಲಿಲ್ಲ. ಅದಿರನ್ನು ಒಡೆದು ನೋಡುವಂತೆ ಕೋಪವನ್ನೇ ಒಡೆದು ನೋಡಿದೆ. ಅದರೊಳಗೆ ಲೋಭವಿತ್ತು: ಬೇಕಾಗಿದ್ದುದು ಬಾವಿಯ ನೀರು. ಮಾನವಿತ್ತು: ಹಿರಿಯನಾದ ನನ್ನನ್ನು ಮೊದಲು ಕೇಳಲಿಲ್ಲವೆಂಬ ನೋವು. ಮಾಯೆಯೂ ಇತ್ತು: ಕೈ ಸಹಿ ಹಾಕುತ್ತಿದ್ದಾಗ ಮನಸ್ಸು ಬೇರೆ ಹೇಳುತ್ತಿತ್ತು. ಅಂದೇ ಬಾಯಿಬಿಟ್ಟು ಹೇಳಿದ್ದರೆ ತಮ್ಮನಿಗೂ ಉತ್ತರ ಕೊಡುವ ಅವಕಾಶವಿರುತ್ತಿತ್ತು. ನಾಲ್ಕು ಕಷಾಯಗಳೂ ನನ್ನಲ್ಲಿಯೇ ಸಿಕ್ಕವು. ಇವು ನನ್ನಲ್ಲಿ ಬೆರೆತ ಕಲ್ಲೇ ಹೊರತು ನನ್ನ ಸ್ವರೂಪವಲ್ಲ ಎಂದು ತಿಳಿಯುವುದೇ ಭೇದವಿಜ್ಞಾನದ ಮೊದಲ ಪಾಠ.

ಆ ವರ್ಷದ ಕ್ಷಮಾವಣಿಯಂದು ಮೊದಲ ಫೋನು ತಮ್ಮನಿಗೆ ಮಾಡಿದೆ. ಜಮೀನಿನ ಮಾತೆತ್ತಲಿಲ್ಲ. “ಒಂಬತ್ತು ವರ್ಷ ನಿನ್ನ ಮೇಲೆ ದ್ವೇಷ ಇಟ್ಟುಕೊಂಡಿದ್ದೆ ಕಣೋ, ಕ್ಷಮಿಸು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ಅತ್ತಿಗೆ ಹೇಗಿದ್ದಾರೆ?” ಎಂದು ಕೇಳಿದ. ಬಾವಿ ಅವನ ಪಾಲಿನಲ್ಲಿಯೇ ಇದೆ. ಅಂದು ರಾತ್ರಿ ನನಗೆ ನಿದ್ರೆ ಚೆನ್ನಾಗಿ ಬಂತು.

ಕೋಪ ಮತ್ತೆ ಬರುವುದಿಲ್ಲವೆಂದು ಹೇಳಲಾರೆ. ಗೃಹಸ್ಥರಾದ ನಮಗೆ ಅದು ಬಂದೇ ಬರುತ್ತದೆ. ಬಂದ ಕೋಪ ಎಷ್ಟು ದಿನ ಉಳಿಯಿತು ಎಂಬ ಲೆಕ್ಕ ಮಾತ್ರ ನಮ್ಮ ಕೈಯಲ್ಲಿದೆ. ದಿನದಿನದ ಪ್ರತಿಕ್ರಮಣ, ಪಕ್ಷಕ್ಕೊಮ್ಮೆಯ ಪ್ರತಿಕ್ರಮಣ ಇರುವುದು ಗೆರೆ ಕಲ್ಲಾಗುವ ಮೊದಲೇ ಅಳಿಸಲೆಂದು. ಈ ಸಲ ಕ್ಷಮೆ ಬೇಡುವವರ ಪಟ್ಟಿ ಬರೆಯುವಾಗ, ಪ್ರತಿ ವರ್ಷ ಬಿಟ್ಟುಹೋಗುವ ಆ ಒಂದು ಹೆಸರನ್ನು ಮೊದಲು ಬರೆಯೋಣ.