ಮನೆಗೊಂದು ಮಾಹಿತಿಯ ಕಣಜ

ಬೆಳೆದ ಧಾನ್ಯವನ್ನು ಕಾಯ್ದಿಡಲು ನಮ್ಮ ಹಿರಿಯರು ಹಗೇವು ತೋಡುತ್ತಿದ್ದರು, ಕಣಜ ಕಟ್ಟುತ್ತಿದ್ದರು. ಇಂದಿನ ಮನೆಗಳಲ್ಲಿ ಕಾಯ್ದಿಡಬೇಕಾದ ಬೆಳೆ ಇನ್ನೊಂದಿದೆ. ಭಾವಚಿತ್ರ, ಧ್ವನಿಮುದ್ರಣ, ಲೆಕ್ಕಪತ್ರ ಇವೆಲ್ಲ ಈಗ ಕಂಪ್ಯೂಟರಿನ ಕಡತಗಳಾಗಿವೆ. ಇವನ್ನು ಒಂದೆಡೆ ಕೂಡಿಟ್ಟು ಮನೆಮಂದಿಗೆಲ್ಲ ಒದಗಿಸುವ ಯಂತ್ರಕ್ಕೆ ಸ್ಟೋರೇಜ್ ಸರ್ವರ್ ಎಂದು ಹೆಸರು. ಕಲಾವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ನನ್ನದೇ ಒಂದು ತಪ್ಪು ಕಾರಣ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ತಂದೆಯವರದು ಒಂದು ಸಣ್ಣ ಲೇತ್ ವರ್ಕ್‌ಶಾಪು. ಗಿರಾಕಿಗಳು ಮಾಡಿಸುವ ಬಿಡಿಭಾಗಗಳ ನಕ್ಷೆಗಳು, ಬಿಲ್ಲುಗಳು, ಅವುಗಳೊಡನೆ ತೀರಿಕೊಂಡ ಅಜ್ಜಿ ಹಾಡಿದ ಸೋಬಾನೆ ಪದಗಳು, ಎಲ್ಲವೂ ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿದ್ದವು. ನಾನು ಅದಕ್ಕೆ ಎರಡು ಡಿಸ್ಕುಗಳನ್ನು ‘ಮಿರರ್’ ಪದ್ಧತಿಯಲ್ಲಿ ಜೋಡಿಸಿ, ಇನ್ನು ಭಯವಿಲ್ಲವೆಂದು ಬೀಗಿದ್ದೆ. ಒಂದು ಸಂಜೆ ಬೇಡದ ಕಡತಗಳನ್ನು ಅಳಿಸುತ್ತಾ ಅಜ್ಜಿಯ ಹಾಡುಗಳನ್ನೂ ಅಳಿಸಿಬಿಟ್ಟೆ. ಕನ್ನಡಿ ತನ್ನ ಧರ್ಮವನ್ನು ಪಾಲಿಸಿತು. ಎರಡನೆಯ ಡಿಸ್ಕಿನಿಂದಲೂ ಅವು ಅದೇ ಕ್ಷಣ ಮಾಯವಾದವು. ತಂದೆಯವರು ಬಯ್ಯಲಿಲ್ಲ. "ಹೋಗ್ಲಿ ಬಿಡಪ್ಪ" ಎಂದು ಲೇತಿನ ಕಡೆ ತಿರುಗಿದರು.

ಹಾಗಾದರೆ ಜೋಡಿ ಡಿಸ್ಕಿನ ಉಪಯೋಗವೇನು? ಅನೇಕ ಡಿಸ್ಕುಗಳನ್ನು ಒಂದಾಗಿ ದುಡಿಸುವ ಈ ಏರ್ಪಾಡಿಗೆ ‘ರೇಡ್’ ಎಂಬ ಹೆಸರು ೧೯೮೮ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬವರು ಪ್ರಕಟಿಸಿದ ಲೇಖನದಿಂದ ಪ್ರಸಿದ್ಧವಾಯಿತು. ೪ ಟೆರಾಬೈಟಿನ ಎರಡು ಡಿಸ್ಕುಗಳನ್ನು ಕನ್ನಡಿಯಾಗಿಸಿದರೆ ಸಿಗುವ ಜಾಗ ೪ ಟೆರಾಬೈಟು ಮಾತ್ರ. ಅಂಥ ಮೂರನ್ನು ‘ಪ್ಯಾರಿಟಿ’ ಪದ್ಧತಿಯಲ್ಲಿ ಜೋಡಿಸಿದರೆ ೮ ಸಿಗುತ್ತದೆ. ಎರಡರಲ್ಲಿಯೂ ಒಂದು ಡಿಸ್ಕು ಕೆಟ್ಟರೆ ಕೆಲಸ ನಿಲ್ಲುವುದಿಲ್ಲ. ಇನ್ನೊಂದೂ ಕೆಟ್ಟರೆ ಸರ್ವಸ್ವವೂ ಹೋಗುತ್ತದೆ. ಕಳ್ಳತನ, ಬೆಂಕಿ, ನಮ್ಮ ಕೈತಪ್ಪು ಇವುಗಳಿಗೆ ರೇಡ್ ಮದ್ದಲ್ಲ.

ಇನ್ನು ತಂತ್ರಾಂಶದ ವಿಚಾರ. ಟ್ರೂನ್ಯಾಸ್ ಎಂಬುದು ಜಡ್‌ಎಫ್‌ಎಸ್ ಪದ್ಧತಿಯನ್ನು ಬಳಸುತ್ತದೆ. ಜಾಣ ಗುಮಾಸ್ತನು ಕಿರ್ದಿಗೂ ಖಾತೆಗೂ ತಾಳೆ ನೋಡುವಂತೆ, ಇದು ಪ್ರತಿಯೊಂದು ತುಣುಕಿಗೂ ಒಂದು ಮೊತ್ತವನ್ನು ಬರೆದಿಟ್ಟುಕೊಂಡು, ಓದುವಾಗ ಹೊಂದದಿದ್ದರೆ ಕನ್ನಡಿಯ ಸರಿ ಪ್ರತಿಯಿಂದ ತಿದ್ದುತ್ತದೆ. ‘ಸ್ನ್ಯಾಪ್‌ಶಾಟ್’ ಇಟ್ಟಿದ್ದರೆ ಅಳಿಸಿದ ಕಡತವನ್ನೂ ಹಿಂದಕ್ಕೆ ಪಡೆಯಬಹುದು. ಆದರೆ ಇದಕ್ಕೆ ಕನಿಷ್ಠ ೮ ಗಿಗಾಬೈಟ್ ಮೆಮೊರಿ ಬೇಕು. ಅನ್‌ರೇಡ್ ಎಂಬುದಕ್ಕೆ ಹಣ ತೆರಬೇಕು; ಬೇರೆ ಬೇರೆ ಅಳತೆಯ ಡಿಸ್ಕುಗಳಿರುವವರಿಗೆ ಅದು ಅನುಕೂಲ. ಓಪನ್‌ಮೀಡಿಯಾವಾಲ್ಟ್ ಡೆಬಿಯನ್ ಲಿನಕ್ಸಿನ ಮೇಲೆ ನಿಂತಿದೆ. ಉಚಿತ, ಬಡ ಯಂತ್ರದಲ್ಲಿಯೂ ನಡೆಯುತ್ತದೆ.

ನಮ್ಮ ಯಂತ್ರದಲ್ಲಿದ್ದುದು ೪ ಗಿಗಾಬೈಟ್. ಆದುದರಿಂದ ಮೂರನೆಯದನ್ನೇ ಆರಿಸಿದೆ. ಕನ್ನಡಿಯನ್ನು ಬಿಚ್ಚಿ ಎರಡು ಡಿಸ್ಕುಗಳನ್ನೂ ಸಾಮಾನ್ಯವಾದ ಎಕ್ಸ್ಟ್-೪ ಪದ್ಧತಿಯಲ್ಲಿಟ್ಟೆ. ಹಗಲು ಒಂದರಲ್ಲಿ ಕೆಲಸ. ರಾತ್ರಿ ಇನ್ನೊಂದಕ್ಕೆ ತಾರೀಖುವಾರು ನಕಲು. ಇಂದು ತಪ್ಪಿ ಅಳಿಸಿದ್ದು ನಿನ್ನೆಯ ತಾರೀಖಿನಲ್ಲಿ ಸಿಗುತ್ತದೆ. ಯಂತ್ರವೇ ಕೆಟ್ಟರೂ ಡಿಸ್ಕನ್ನು ಯಾವುದೇ ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಓದಬಹುದು. ಡಿಸ್ಕು ಕೆಟ್ಟ ದಿನ ಕೆಲಸ ಕೆಲಹೊತ್ತು ನಿಲ್ಲುವುದು ನಿಜ; ನಮ್ಮಂಥ ಸಣ್ಣ ವರ್ಕ್‌ಶಾಪಿಗೆ ಅದು ತಡೆಯಬಹುದಾದ ನಷ್ಟ. ಬರೆಯುವಾಗ ಕರೆಂಟು ಹೋದರೆ ಕಡತ ಕೆಡಬಹುದಾದ್ದರಿಂದ ಒಂದು ಯು.ಪಿ.ಎಸ್. ಇಟ್ಟಿದ್ದೇವೆ.

ಡಿಸ್ಕು ಕೊಳ್ಳುವವರಿಗೆ ಒಂದು ಸೂಚನೆ: ಹೆಂಚು ಹೊದಿಸಿದಂತೆ ಪಥಗಳನ್ನು ಒಂದರ ಮೇಲೊಂದು ಬರೆಯುವ ಎಸ್.ಎಂ.ಆರ್. ಡಿಸ್ಕುಗಳು ನಕಲಿಗೆ ಸಾಕು. ರೇಡ್ ಜೋಡಣೆಗೆ, ಅದರಲ್ಲಿಯೂ ಜಡ್‌ಎಫ್‌ಎಸ್‌ಗೆ, ಒಗ್ಗುವುದಿಲ್ಲ. ಅಲ್ಲಿ ಸಿ.ಎಂ.ಆರ್. ಎಂದು ನಮೂದಿಸಿದ್ದನ್ನೇ ಕೇಳಿ ತರಬೇಕು.

ಅಜ್ಜಿಯ ಏಳು ಹಾಡುಗಳಲ್ಲಿ ಎರಡು ಮಾತ್ರ ಹರಿಹರದ ಸೋದರತ್ತೆಯ ಮೊಬೈಲಿನಲ್ಲಿ ಸಿಕ್ಕವು. ಬೇರೆ ಊರಿನಲ್ಲಿದ್ದ ಪ್ರತಿಯೇ ಉಳಿಯಿತೆಂಬುದನ್ನು ಕಂಡ ಮೇಲೆ ಮೂರನೆಯ ಡಿಸ್ಕೊಂದನ್ನು ತಂದೆ. ತಿಂಗಳಿಗೊಮ್ಮೆ ಅದರಲ್ಲಿ ಎಲ್ಲವನ್ನೂ ತುಂಬಿಸಿ ಅತ್ತೆಯ ಮನೆಯ ಬೀರುವಿನಲ್ಲಿ ಇಟ್ಟುಬರುತ್ತೇನೆ. ಸಹಪಾಠಿಗಳು ಯಾವ ತಂತ್ರಾಂಶವನ್ನಾದರೂ ಆರಿಸಲಿ. ಅದಕ್ಕೆ ಮೊದಲು ಇನ್ನೊಂದು ಪ್ರತಿ ಯಾರ ಮನೆಯಲ್ಲಿರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಲಿ ಎಂಬುದೇ ನನ್ನ ವಿನಂತಿ.