ಕಡಿದರೂ ಕೆಡದ ಸಂಪರ್ಕ: ಊರಿನಿಂದ ದುಡಿಯುವ ಲಿನಕ್ಸ್ ಲ್ಯಾಪ್‌ಟಾಪ್

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಪಶ್ಚಿಮದ ಅರೆಮಲೆನಾಡಿನ ಅಂಚಿನಿಂದ ಪೂರ್ವದ ಬಿಸಿಲುಸೀಮೆಯವರೆಗೆ ಮಲಪ್ರಭೆಯ ಆಸುಪಾಸಿನಲ್ಲಿ ಹಬ್ಬಿಕೊಂಡಿವೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಗೆ ಬಂದ ಮೇಲೆ, ಬೆಂಗಳೂರು, ಪುಣೆಗಳ ಕಚೇರಿಯ ನೌಕರಿಯನ್ನು ಊರಿನ ಮನೆಯಲ್ಲಿ ಕುಳಿತೇ ಮಾಡುವ ರೂಢಿ ಇಂಥ ಸೀಮೆಗಳಿಗೂ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಮನೆಯಿಂದ ಕೆಲಸ ಮಾಡಿಸುವ ಕಂಪನಿಗಳ ಮೇಲಿದ್ದ ನಿಬಂಧನೆಗಳನ್ನು ಸಡಿಲಿಸಿದ್ದರಿಂದ ಕಾನೂನಿನ ತೊಡಕು ಬಹುಮಟ್ಟಿಗೆ ನೀಗಿತು. ಉಳಿದದ್ದು ಯಂತ್ರದ ತೊಡಕು. ಅದನ್ನು ಇಂಟರ್ನೆಟ್ಟಿನ ವೇಗದ ಕೊರತೆ ಎಂದೇ ಹಲವರು ಬಗೆಯುತ್ತಾರಾದರೂ, ಅಕ್ಷರ ಮತ್ತು ಕಡತಗಳ ಕೆಲಸಕ್ಕೆ ಹೆಚ್ಚಿನ ವೇಗವೇನೂ ಬೇಕಾಗುವುದಿಲ್ಲ. ಆ ಕೆಲಸವನ್ನು ಹೆಚ್ಚಾಗಿ ಕೆಡಿಸುವುದು ಕಡಿದು ಕಡಿದು ಕೂಡುವ ಸಂಪರ್ಕ.

ಈ ತೊಡಕನ್ನು ಲಿನಕ್ಸಿನ ನೆರವಿನಿಂದ ಬಹುಮಟ್ಟಿಗೆ ನೀಗಿಸಬಹುದು. ಲಿನಕ್ಸ್ ಎಂದರೆ, ಕಟ್ಟುನಿಟ್ಟಾಗಿ ಹೇಳುವುದಾದರೆ, 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲಾರಂಭಿಸಿದ ಕರ್ನಲ್, ಅಂದರೆ ಯಂತ್ರದ ಬಿಡಿಭಾಗಗಳಿಗೂ ಅದರ ಮೇಲೆ ಓಡುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಭಾಗ. ಈ ಕರ್ನಲ್ಲಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಕೂಡಿಸಿ ಕೊಡುವ ಡೆಬಿಯನ್, ಉಬುಂಟು, ಫೆಡೋರಾ ಮುಂತಾದವನ್ನು ವಿತರಣೆಗಳೆಂದು ಕರೆಯಲಾಗುತ್ತದೆ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಆಯುಷ್ಯವಿದ್ದರೆ, ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಭದ್ರತಾ ತಿದ್ದುಪಡಿಗಳು ದೊರೆಯುವುದರಿಂದ, ಮೊಬೈಲ್ ಡೇಟಾ ನೆಚ್ಚಿದವರಿಗೆ, ಹೊಸ ಆವೃತ್ತಿಯನ್ನು ಪದೇಪದೇ ಇಳಿಸಿಕೊಳ್ಳಬೇಕಿಲ್ಲದ ಎರಡನೆಯದೇ ಮೇಲು.

ಸಂಪರ್ಕ ಕಡಿಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ದೂರದ ಸರ್ವರಿನೊಳಕ್ಕೆ ಗೂಢಲಿಪಿಯ ಮೂಲಕ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ವಿಧಾನವನ್ನು 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ರೂಪಿಸಿದರು. ಅದು ಟಿಸಿಪಿ ಎಂಬ ಸಂಪರ್ಕ ನಿಯಮದ ಮೇಲೆ ನಿಂತಿದ್ದು, ಟಿಸಿಪಿಯು ಒಂದು ಸಂಪರ್ಕವನ್ನು ನಾಲ್ಕು ಸಂಖ್ಯೆಗಳಿಂದ, ಎಂದರೆ ಎರಡೂ ತುದಿಯ ಯಂತ್ರಗಳ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ, ಗುರುತಿಸುತ್ತದೆ. ಬೈಲಹೊಂಗಲದ ಮನೆಯೊಂದರಲ್ಲಿ ಕರೆಂಟ್ ಹೋಗಿ ಫೈಬರ್ ಮೋಡೆಮ್ ಆರಿತೆನ್ನೋಣ. ಲ್ಯಾಪ್‌ಟಾಪ್ ಕೆಲವೇ ಸೆಕೆಂಡುಗಳಲ್ಲಿ ಮೊಬೈಲಿನ ಹಾಟ್‌ಸ್ಪಾಟ್ ಹಿಡಿಯುತ್ತದೆ, ಆದರೆ ಹೊರಲೋಕಕ್ಕೆ ಕಾಣುವ ಅದರ ವಿಳಾಸ ಬದಲಾಗಿರುತ್ತದೆ. ಸರ್ವರು ಹಳೆಯ ವಿಳಾಸಕ್ಕೇ ಉತ್ತರ ಕಳಿಸುತ್ತ ಕಾಯುತ್ತದೆ, ಪರದೆ ಸ್ತಬ್ಧವಾಗುತ್ತದೆ, ಅರ್ಧ ನಡೆದಿದ್ದ ಕೆಲಸ ಹಾಳಾಗುತ್ತದೆ.

ಈ ದೋಷಕ್ಕೆ ಉತ್ತರವಾಗಿ ಒದಗುವುದು ಜೇಸನ್ ಡೊನೆನ್‌ಫೆಲ್ಡ್ ರಚಿಸಿದ, 2020ರ ಮಾರ್ಚಿನಲ್ಲಿ ಹೊರಬಂದ ಲಿನಕ್ಸ್ 5.6ರಲ್ಲಿ ಕರ್ನಲ್ಲಿನ ಭಾಗವೇ ಆದ ವೈರ್‌ಗಾರ್ಡ್. ಇದು ವಿಪಿಎನ್, ಅಂದರೆ ಸಾರ್ವಜನಿಕ ಜಾಲದ ಒಳಗೇ ಗೂಢಲಿಪಿಯಿಂದ ಕಟ್ಟಿದ ಖಾಸಗಿ ಹಾದಿ. ವೈರ್‌ಗಾರ್ಡ್ ಯಂತ್ರವನ್ನು ಗುರುತಿಸುವುದು ವಿಳಾಸದಿಂದಲ್ಲ, 32 ಬೈಟುಗಳ ಒಂದು ಕೀಲಿಯಿಂದ. ಸರಿಯಾದ ಕೀಲಿಯ ಮುದ್ರೆಯುಳ್ಳ ಮಾಹಿತಿಯ ಪೊಟ್ಟಣ ಯಾವ ಹೊಸ ವಿಳಾಸದಿಂದ ಬಂದರೂ ಸರ್ವರು ಅದನ್ನು ಗುರುತು ಹಾಕಿಕೊಂಡು ಮುಂದಿನ ಉತ್ತರವನ್ನು ಅಲ್ಲಿಗೇ ಕಳಿಸುತ್ತದೆ. ಹಾದಿಯೊಳಗಿನ ಖಾಸಗಿ ವಿಳಾಸವಂತೂ ಬದಲಾಗುವುದೇ ಇಲ್ಲವಾದ್ದರಿಂದ, ಅದರೊಳಗೆ ನಡೆದಿದ್ದ ಎಸ್‌ಎಸ್‌ಎಚ್ ಸಂಪರ್ಕಕ್ಕೆ ಫೈಬರ್ ಹೋಗಿ ಮೊಬೈಲ್ ಬಂದದ್ದು ತಿಳಿಯುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಮೊಬೈಲ್ ಕಂಪನಿಗಳು ಇಡೀ ಓಣಿಗೆ ಒಂದೇ ಮನೆ ನಂಬರು ಕೊಟ್ಟಂತೆ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ, ಯಾವ ಉತ್ತರ ಯಾರಿಗೆ ಸಲ್ಲಬೇಕೆಂಬ ಪಟ್ಟಿಯಿಂದ ಸುಮ್ಮನಿರುವ ಗ್ರಾಹಕರನ್ನು ಬೇಗನೆ ಅಳಿಸಿಬಿಡುತ್ತವೆ. ಆದ್ದರಿಂದ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪೊಟ್ಟಣ ಕಳಿಸುವಂತೆ ವೈರ್‌ಗಾರ್ಡನ್ನು ಅಣಿಗೊಳಿಸಬೇಕು. ಇದರ ಜೊತೆಗೆ ಸರ್ವರಿನಲ್ಲಿ ಟಿಮಕ್ಸ್ ಎಂಬ ತಂತ್ರಾಂಶವನ್ನು ಓಡಿಸಿದರೆ, ಲ್ಯಾಪ್‌ಟಾಪ್ ಪೂರ್ತಿ ಆರಿದರೂ ಕೆಲಸ ಸರ್ವರಿನಲ್ಲಿ ಮುಂದುವರಿಯುತ್ತದೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಭಕ್ತರು ಬಂದಾಗಿನ ಸ್ಥಿತಿ ಬೇರೆ: ಒಂದು ಟವರಿನ ಸಾಮರ್ಥ್ಯ ಸೀಮಿತವಾಗಿದ್ದು ಅಲ್ಲಿರುವ ಎಲ್ಲ ಫೋನುಗಳೂ ಅದನ್ನೇ ಹಂಚಿಕೊಳ್ಳಬೇಕಾದ್ದರಿಂದ ಪೊಟ್ಟಣಗಳು ನಡುದಾರಿಯಲ್ಲೇ ಕಳೆದುಹೋಗುತ್ತವೆ. ಅಂಥಲ್ಲಿ, 2012ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಮಾಶ್ ಎಂಬ ತಂತ್ರಾಂಶ ನೆರವಿಗೆ ಬರುತ್ತದೆ. ಅದು ಕಳೆದುಹೋದ ಪ್ರತಿಯೊಂದು ಅಕ್ಷರವನ್ನೂ ಮರಳಿ ತರುವ ಗೊಡವೆಗೆ ಹೋಗದೆ, ಪರದೆಯ ಈಗಿನ ಸ್ಥಿತಿಯನ್ನಷ್ಟೇ ಎರಡೂ ಕಡೆ ಸರಿಹೊಂದಿಸುತ್ತದೆ. ಕಡತಗಳ ಮಟ್ಟಿಗೆ ಇದೇ ಮಿತವ್ಯಯವನ್ನು ಸಾಧಿಸುವುದು 1996ರ ಆರ್‌ಸಿಂಕ್: ಬದಲಾದ ತುಣುಕುಗಳನ್ನು ಮಾತ್ರ ಅದು ಕಳಿಸುತ್ತದೆ.

ಕಿತ್ತೂರಿನಿಂದ ಬೆಳಗಾವಿಯ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದರೆ ಯಂತ್ರದ ಬೆಲೆಗಿಂತ ಅದರೊಳಗಿನ ಮಾಹಿತಿಯ ಹಾನಿಯೇ ದೊಡ್ಡದು. ಲಿನಕ್ಸಿನ ಲುಕ್ಸ್ ವ್ಯವಸ್ಥೆಯು ಡಿಸ್ಕನ್ನೆಲ್ಲ ಒಂದು ಮುಖ್ಯ ಕೀಲಿಯಿಂದ ಗೂಢಲಿಪಿಗೊಳಿಸಿ, ಆ ಕೀಲಿಯನ್ನು ಬಳಕೆದಾರರ ಗುಪ್ತಪದದಿಂದ ಮತ್ತೆ ಮುಚ್ಚಿಡುತ್ತದೆ. ಹೀಗಾಗಿ ಗುಪ್ತಪದ ಬದಲಿಸಿದಾಗ ಡಿಸ್ಕನ್ನು ಮತ್ತೆ ಬರೆಯಬೇಕಾಗುವುದಿಲ್ಲ. ಆದರೆ ಮುಚ್ಚಳ ಮುಚ್ಚಿ ಮಲಗಿಸಿದ ಯಂತ್ರದ ಸ್ಮೃತಿಯಲ್ಲಿ ಮುಖ್ಯ ಕೀಲಿ ಉಳಿದೇ ಇರುವುದರಿಂದ, ಪ್ರಯಾಣದಲ್ಲಿ ಯಂತ್ರವನ್ನು ಪೂರ್ತಿ ಆರಿಸಿಯೇ ಒಯ್ಯಬೇಕು.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚಿನವರು ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ಗಮನಿಸಿ ಮೋಡೆಮನ್ನು ಮರೆಯುತ್ತಾರೆ. ಮನೆಗೆ ಬರುವ ಫೈಬರಿನಲ್ಲಿ ಹರಿಯುವುದು ಬೆಳಕು. ವಿನಿಮಯ ಕೇಂದ್ರದಿಂದ ಮನೆಯವರೆಗಿನ ನಡುದಾರಿಯಲ್ಲಿ ಬೆಳಕನ್ನು ಕವಲಾಗಿಸುವ ಉಪಕರಣಗಳಿಗೂ ವಿದ್ಯುತ್ ಬೇಡ, ಬೇಕಾದದ್ದು ಎರಡು ತುದಿಗಳಲ್ಲಿ ಮಾತ್ರ. ಕೇಂದ್ರದಲ್ಲಿ ಬ್ಯಾಟರಿ ಇರುತ್ತದಾದ್ದರಿಂದ, ಮನೆಯ ಮೋಡೆಮಿಗೆ ಸಾಮಾನ್ಯವಾಗಿ 12 ವೋಲ್ಟಿನ ಒಂದು ಚಿಕ್ಕ ಯುಪಿಎಸ್ ಜೋಡಿಸಿದರೆ ಊರಿಗೆಲ್ಲ ಕತ್ತಲೆಯಾದರೂ ಇಂಟರ್ನೆಟ್ ಉಳಿಯುತ್ತದೆ. ಈ ಸೀಮೆಯ ಮಟ್ಟಿಗೆ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ. ಲ್ಯಾಪ್‌ಟಾಪಿನ ಲಿಥಿಯಂ-ಅಯಾನ್ ಬ್ಯಾಟರಿಯಾದರೋ ಪೂರ್ತಿ ತುಂಬಿ ಬಿಸಿಯಲ್ಲಿದ್ದಾಗ ಬೇಗ ಸವೆಯುತ್ತದೆ. ಥಿಂಕ್‌ಪ್ಯಾಡಿನಂಥ ಮಾದರಿಗಳಲ್ಲಿ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಸೌಕರ್ಯ ಲಿನಕ್ಸಿನಲ್ಲಿರುವುದರಿಂದ, ರಾಮದುರ್ಗದ ಬೇಸಿಗೆಯಲ್ಲಿ ಅದನ್ನು ಬಳಸುವುದೂ, ವಿದ್ಯುತ್ ಪೂರೈಸುವ ಹೆಸ್ಕಾಂನವರ ವ್ಯತ್ಯಯದ ಪ್ರಕಟಣೆ ಪತ್ರಿಕೆಯಲ್ಲಿ ಕಂಡ ದಿನ ಮಾತ್ರ 100ಕ್ಕೆ ಏರಿಸುವುದೂ ಒಳ್ಳೆಯದು.

ಕನ್ನಡ ಟೈಪಿಸಲು ಐಬಸ್ ತಂತ್ರಾಂಶಕ್ಕೆ ಎಂ17ಎನ್ ಕಟ್ಟನ್ನು ಸೇರಿಸಿದರೆ ನುಡಿ ತಂತ್ರಾಂಶ ಬಳಸಿದವರಿಗೆ ಪರಿಚಿತವಾದ ಕೀಲಿಮಣೆಯ ವಿನ್ಯಾಸವೇ ದೊರೆಯುತ್ತದೆ. ಯುನಿಕೋಡ್ ಅಲ್ಲದ ಹಳೆಯ ಕಡತಗಳನ್ನು ಮಾತ್ರ ಮೊದಲೇ ಪರಿವರ್ತಿಸಿಕೊಳ್ಳಬೇಕು.

ಊರಿಗೆ ಹೊರಡುವ ಮುನ್ನ ಕಚೇರಿಯಲ್ಲೇ, ಕೆಲಸ ನಡೆದಿರುವಾಗ ವೈಫೈ ಆರಿಸಿ ಮೊಬೈಲಿಗೆ ಬದಲಾಯಿಸಿ ನೋಡಬೇಕು, ಯಂತ್ರವನ್ನು ಆರಿಸಿ ಹೊತ್ತಿಸಿ ಗುಪ್ತಪದ ನೆನಪಿದೆಯೇ ಎಂದು ಪರೀಕ್ಷಿಸಬೇಕು, ಬ್ಯಾಕಪ್ಪಿನಿಂದ ಒಂದು ಕಡತವನ್ನಾದರೂ ಮರಳಿ ತೆಗೆಯಬೇಕು. ವೈರ್‌ಗಾರ್ಡಿನ ಕೀಲಿ ಸರ್ವರಿನಲ್ಲಿ ದಾಖಲಾಗದೆ ಉಳಿದರೆ ಊರಿನಿಂದ ಅದನ್ನು ದಾಖಲಿಸಲು ಬರುವುದಿಲ್ಲ, ಕಚೇರಿಯಲ್ಲಿ ಇರುವ ಬೇರೊಬ್ಬರೇ ಅದನ್ನು ಮಾಡಿಕೊಡಬೇಕಾಗುತ್ತದೆ.