ಅತ್ತೆಯ ಮರೆವು, ಬೆನ್ನಿನ ನೀರಿನ ಪರೀಕ್ಷೆ

ಕದ್ರಿ ಮಂಜುನಾಥ ದೇವಸ್ಥಾನದ ಹತ್ತಿರ ನಮ್ಮ ಪರಿಚಯದವರ ಮನೆಯೊಂದುಂಟು. ಅಲ್ಲಿಯ ಅತ್ತೆಗೆ 72 ವರ್ಷ. ಗಂಜಿ ಉಂಡು ಕೈ ತೊಳೆದು ಹೊರಗೆ ಬಂದವರೇ ನೆರೆಮನೆಯಾಕೆಯಲ್ಲಿ, "ಬೆಳಿಗ್ಗಿನಿಂದ ಒಂದು ತುತ್ತು ಕೊಟ್ಟಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ತಾವೇ ಬಳೆಯನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಸೊಸೆ ಕದ್ದಳೆಂದರು. ನೆರೆಕರೆಯವರು ಸೊಸೆಯನ್ನು ನೋಡುವ ನೋಟವೇ ಬದಲಾಯಿತು. ಗಂಡನೋ, "ವಯಸ್ಸಾಯಿತಲ್ಲ, ಅರಳು ಮರಳು" ಎಂದು ಪೇಪರಿನೊಳಗೆ ಮುಖ ಹುದುಗಿಸಿಕೊಂಡ!

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಉಂಡದ್ದೇ ನೆನಪಿಲ್ಲವೆಂದರೆ ಡಾಕ್ಟರಿಗೆ ತೋರಿಸಬೇಕು. 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ 60 ದಾಟಿದ 100 ಮಂದಿಯಲ್ಲಿ ಸುಮಾರು 7 ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆಗುಳಿ ಕಾಯಿಲೆ, ಇದೆ.

ಮೊದಲು ರಕ್ತ ಪರೀಕ್ಷೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದ ಬಂದ ಮರೆವು ಮದ್ದಿಗೆ ಇಳಿಯುವುದುಂಟು. ಆಮೇಲೆ ತಲೆಯ ಸ್ಕ್ಯಾನಿಂಗ್. ಆಗಲೂ ಕಾರಣ ಸ್ಪಷ್ಟವಾಗದಿದ್ದರೆ ಕೆಲವರಿಗೆ ಬೆನ್ನಿನ ನೀರು ತೆಗೆದು ನೋಡುತ್ತಾರೆ.

ಆ ಮಾತಿಗೆ ಸೊಸೆ ನಡುಗಿದಳು. ಸೊಂಟದ ಸ್ವಾಧೀನ ತಪ್ಪಿದರೆ ಆ ಪಾಪವೂ ತನ್ನ ತಲೆಗೇ ತಾನೆ? ಆದರೆ ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಸೂಜಿ ಹೋಗುವುದು ಸುಮಾರು ಅಲ್ಲಿಗೇ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ತೆಗೆಯುವುದು ಕೆಲವೇ ಚಮಚದಷ್ಟು. ದೇಹ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಮಾಡಿಕೊಳ್ಳುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಲೇಬೇಕು.

ಆ ನೀರು ಮಿದುಳನ್ನೂ ಸುತ್ತಿ ಬಂದದ್ದು. ಆಲ್‌ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲೇ ಅಂಟಿ ಕೂರುತ್ತದೆ. ಬೇಳೆ ತಳ ಹಿಡಿದರೆ ಮೇಲಿನ ಸಾರು ತೆಳ್ಳಗಾಗುವುದಿಲ್ಲವೇ, ಹಾಗೆ ಬೆನ್ನಿನ ನೀರಿನಲ್ಲಿ ಅದು ಕಡಿಮೆಯಾಗುತ್ತದೆ. ಟೌ ಎಂಬ ಇನ್ನೊಂದು ಪ್ರೋಟೀನು ಹೆಚ್ಚುತ್ತದೆ. ಎರಡನ್ನೂ ಅಳೆದು ಡಾಕ್ಟರು ಉಳಿದ ಲಕ್ಷಣಗಳೊಂದಿಗೆ ತಾಳೆ ನೋಡುತ್ತಾರೆ. ರಕ್ತದಲ್ಲೇ ಇವನ್ನು ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮಲ್ಲೂ ಸುಲಭವಾಗಿ ಸಿಗುವಂತಾದರೆ ಸೂಜಿಯ ಭಯ ಎಷ್ಟೋ ಕಡಿಮೆಯಾದೀತು.

ಅತ್ತೆಯದು ಆಲ್‌ಝೈಮರ್ ಎಂದೇ ಆಯಿತು. ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆದರೆ ವರದಿ ಬಂದ ಸಂಜೆ ಗಂಡನೇ ನೆರೆಮನೆಗೆ ಹೋಗಿ, "ಅಮ್ಮನಿಗೆ ಕಾಯಿಲೆ, ಇವಳದೇನೂ ತಪ್ಪಿಲ್ಲ" ಎಂದು ಹೇಳಿ ಬಂದ. ಈಗ ಅತ್ತೆ ಮತ್ತೆ ಊಟ ಕೇಳಿದರೆ "ಆಗಲೇ ಉಂಡಿರಲ್ಲ" ಎಂದು ಸೊಸೆ ವಾದಿಸುವುದಿಲ್ಲ. ಒಂದು ಬಾಳೆಹಣ್ಣು ಸುಲಿದು ಕೈಗೆ ಕೊಡುತ್ತಾಳೆ.